ಹಗ್ಗದ ಮೇಲೆ ಮೂರು ಸ್ವೆಟರ್

ವಾರಕ್ಕೆ ಆರು ಯೂರೋ ಹೆಚ್ಚಾಯಿತು, ಸಹಾಯಧನ ಕೊಡಲಾಗದು ಎಂದು ಸರ್ಕಾರ ಹೋದ ವರ್ಷ ಕೋಲ್ಮನ್ ಗ್ಯಾಫ್ನಿಗೆ ಕಾಗದ ಬರೆದಿತ್ತು. ಮಕ್ಕಳ ಶಾಲೆ ಬಟ್ಟೆಗೆಂದು ವರಮಾನ ಸಾಲದ ಮನೆಗಳಿಗೆ ಪ್ರತಿ ಬೇಸಿಗೆ ಕೊಡುವ ಸಹಾಯಧನ ಅದು. ಅವನ ಹೆಂಡತಿ ಮಜೆಲ್ಲಾ ವೃದ್ಧಾಶ್ರಮದಲ್ಲಿ ಕೆಲವು ಭಾನುವಾರ ಹೆಚ್ಚಿಗೆ ದುಡಿದಿದ್ದಳು. ಆ ಭಾನುವಾರಗಳ ದೆಸೆಯಿಂದ ಮನೆಯ ವರಮಾನ ಮಿತಿಯಿಂದ ಆರು ಯೂರೋ ಮೇಲೆ ಹೋಯಿತಂತೆ. ದುಡಿದದ್ದೇ ತಪ್ಪಾಯಿತು ನೋಡಿ. ಅದೇ ಬೀದಿಯ ಪಬ್ಬಿನ ಮಾಲೀಕ ಕ್ಯೂಸಾಕ್ ಹೊಸ ಕಾರಿನಲ್ಲಿ ಓಡಾಡುತ್ತಾನೆ, ಕಾಗದದ ಮೇಲೆ ಮಾತ್ರ ತಿರುಕ. ಅವನ ಮಕ್ಕಳಿಗೆ ಹಣ ಬಂತು.

ಕೋಲ್ಮನ್‌ನ ಮಗಳು ರೋಷೀನ್ ಹೈಸ್ಕೂಲಿನ ಮೊದಲ ದಿನ ದೊಡ್ಡಪ್ಪನ ಮಗಳ ಹಳೆಯ ಕೋಟು ತೊಟ್ಟು ಹೋದಳು. ಬೆರಳಿನವರೆಗೆ ಇಳಿಯುತ್ತಿದ್ದ ತೋಳನ್ನು ಒಳಗೆ ಮಡಚಿ ಪಿನ್ನು ಹಾಕಿಕೊಂಡಿದ್ದಳು. ಎದೆಯ ಮೇಲಿನ ಲಾಂಛನವನ್ನು ಮಡಚಲು ಬರುತ್ತದೆಯೇ? ಶಾಲೆ ಎರಡು ವರ್ಷದ ಹಿಂದೆಯೇ ಅದನ್ನು ಬದಲಿಸಿತ್ತು. ಸರಿಯಾದ ಕೋಟು ಕೊಡಿಸಿ ಎಂದು ಟೀಚರು ಚೀಟಿ ಬರೆದು ಕಳಿಸಿದರು. ಹುಡುಗಿ ಆ ಚೀಟಿಯನ್ನು ಮನೆಯಲ್ಲಿ ತೋರಿಸದೆ ಕಂಪಾಸ್ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಳು. ವರ್ಷವಿಡೀ ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ನಡೆದಳು. ಚೀಟಿ ಕೋಲ್ಮನ್‌ಗೆ ಸಿಕ್ಕಿದ್ದು ಈಸ್ಟರ್ ರಜೆಯಲ್ಲಿ, ಪೆನ್ಸಿಲ್ ಹುಡುಕುವಾಗ. ಅವತ್ತಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮುಂದಿನ ತರಗತಿಗೆ ಅವಳು ಹೊಸ ಕೋಟಿನಲ್ಲೇ ಹೋಗಬೇಕು, ಪುಸ್ತಕ ಚೀಲದಲ್ಲಿರಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ಕಿಲ್‌ಡಾರ್ವನ್ ಊರಿನ ಸುತ್ತಲಿನ ಬಯಲಿನಲ್ಲಿ, ಒಣಗಿಸಿ ಒಲೆಗೆ ಹಾಕುವ ಜೌಗು ಮಣ್ಣು ಅಗೆಯುವ ಕೆಲಸ ನಿಂತುಹೋದ ಮೇಲೆ ಕೋಲ್ಮನ್ ಊರಿನ ಪ್ರಾಥಮಿಕ ಶಾಲೆಯ ಮೇಲ್ವಿಚಾರಕನಾಗಿದ್ದ. ಮೇಲ್ವಿಚಾರಕ ಎಂದರೆ ಬಾಯ್ಲರ್, ಪೊರಕೆ ಮತ್ತು ಬೀಗದ ಕೈಗಳು. ಉದ್ದನೆಯ ಓಣಿಯನ್ನು ಒರೆಸುತ್ತ ಒರೆಸುತ್ತ ಅವನು ಯೋಚಿಸಿದ. ಸರ್ಕಾರ ಚಾಪೆಯ ಕೆಳಗೆ ತೂರಿದರೆ ತಾನು ರಂಗೋಲಿಯ ಕೆಳಗೆ ತೂರಬೇಕು. ಇಂಥ ಮೋಸ ಮಾಡಿ ಸಿಕ್ಕಿಬಿದ್ದವರ ಸುದ್ದಿಯನ್ನು ಅವನು ಪೇಪರಿನಲ್ಲಿ ಓದಿದ್ದ. ಎಲ್ಲರೂ ಮಾಡಿದ ತಪ್ಪು ಒಂದೇ: ಇಲ್ಲದ ಮಕ್ಕಳನ್ನು ಹುಟ್ಟಿಸುವುದು. ಹುಟ್ಟದ ಮಗುವಿಗೆ ಜನನಪತ್ರ ತರುವುದು ಎಲ್ಲಿಂದ? ಮಕ್ಕಳು ನಿಜವಾಗಿ ಇರಬೇಕು. ಇಲ್ಲಿ ಇಲ್ಲದಿದ್ದರಾಯಿತು.

ಅಂಥ ಮಕ್ಕಳು ಅವನ ಹತ್ತಿರ ಮೂವರಿದ್ದರು. ತಮ್ಮ ಫರ್ಗಲ್‌ನ ಮಕ್ಕಳಾದ ಟೀರ್ನನ್, ಡಾರಾ ಮತ್ತು ಈಫಾ. ಮೂವರೂ ಇದೇ ಊರಿನಲ್ಲಿ ಹುಟ್ಟಿದವರು, ನಾಲ್ಕು ವರ್ಷದ ಹಿಂದೆ ಅಪ್ಪ ಅಮ್ಮನ ಜೊತೆ ಕೆನಡಾಕ್ಕೆ ಹೋದವರು. ಅವರ ಜನನಪತ್ರಗಳ ನಕಲು ಕೋಲ್ಮನ್‌ನ ತಾಯಿಯ ಮನೆಯ ಬೀರುವಿನಲ್ಲಿ, ಬಿಸ್ಕತ್ ಡಬ್ಬಿಯೊಳಗೆ ಭದ್ರವಾಗಿದ್ದವು. ತಾಯಿ ಡೆಲಿಯಾಗೆ ಎಪ್ಪತ್ತೆಂಟು. ಊರ ಕೊನೆಯಲ್ಲಿ ಒಬ್ಬಳೇ ಇದ್ದಳು, ಪಿಂಚಣಿ ಬಿಟ್ಟರೆ ಬೇರೆ ವರಮಾನವಿಲ್ಲ. ಮೂರು ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿ! ಆರು ಯೂರೋ ಅಲ್ಲ, ಅರವತ್ತು ಯೂರೋ ಹೆಚ್ಚಾದರೂ ಅವಳು ಮಿತಿಯ ಒಳಗೇ ಇರುತ್ತಿದ್ದಳು. ಚಳಿಗಾಲದ ಉರುವಲು ಭತ್ಯೆಯ ಅರ್ಜಿಯಿಂದ ಹಿಡಿದು ಎಲ್ಲ ಕಾಗದಕ್ಕೂ ಅವನು ತೋರಿಸಿದ ಜಾಗದಲ್ಲಿ ಅವಳು ಸಹಿ ಹಾಕುತ್ತಿದ್ದಳು, ಕನ್ನಡಕ ಹುಡುಕುವ ಗೋಜಿಗೂ ಹೋಗುತ್ತಿರಲಿಲ್ಲ. ಮೊಣಕಾಲು ನೋವೆಂದು ಅಂಚೆ ಕಚೇರಿಯಿಂದ ಅವಳ ಪಿಂಚಣಿ ತರುವವನೂ ಅವನೇ; ಸಹಾಯಧನ ಬಂದರೂ ಅಲ್ಲಿಗೇ ಬರುತ್ತದೆ.

ಮಕ್ಕಳು ಇಲ್ಲೇ ಓದುತ್ತಿದ್ದಾರೆಂಬ ಶಾಲೆಯ ಪ್ರಮಾಣಪತ್ರ ಇನ್ನೂ ಸುಲಭವಾಯಿತು. ಜುಲೈಯಲ್ಲಿ ಮುಖ್ಯೋಪಾಧ್ಯಾಯಿನಿ ರಜೆಗೆ ಹೋಗಿದ್ದಳು, ಕಚೇರಿಯ ಬೀಗದ ಕೈ ಅವನ ಸೊಂಟದಲ್ಲಿತ್ತು. ಶಾಲೆಯ ಹೆಸರಿರುವ ಕಾಗದದ ಮೇಲೆ ಮೂರೇ ಸಾಲು ಬರೆದು ಮುದ್ರೆ ಒತ್ತಿದ. ಆ ಹೆಂಗಸು ಎಡಚಿ, ಅವಳು ಒತ್ತಿದ ಮುದ್ರೆ ಯಾವಾಗಲೂ ಸ್ವಲ್ಪ ವಾಲಿರುತ್ತದೆ. ಕೋಲ್ಮನ್ ಎಡಗೈಯಲ್ಲೇ ಒತ್ತಿದ. ಮುದ್ರೆ ಅವಳದೇ ರೀತಿಯಲ್ಲಿ ವಾಲಿತು. ಅದನ್ನು ನೋಡುತ್ತ ಅವನಿಗೆ ತನ್ನ ಮೇಲೆ ಎಂದೂ ಇಲ್ಲದ ಹೆಮ್ಮೆ ಬಂತು. ಹೀಗೆಲ್ಲ ತಲೆ ಓಡುವವನ ಕೈಗೆ ಇಷ್ಟು ದಿನ ಬರೀ ಪೊರಕೆ ಕೊಟ್ಟಿದ್ದರಲ್ಲ ಎನಿಸಿತು.

ಎರಡು ವಾರದಲ್ಲಿ ಉತ್ತರ ಬಂತು. ವಯಸ್ಸಾದವರ ಹೊಸ ಅರ್ಜಿಯಾದ್ದರಿಂದ ಹೆಶನ್ ಎಂಬ ಅಧಿಕಾರಿ ಆಗಸ್ಟ್ ಹದಿನೇಳರ ಬುಧವಾರ ಬೆಳಿಗ್ಗೆ ಮನೆಗೆ ಬಂದು ನೋಡುತ್ತಾರೆ. ಅವರು ಒಪ್ಪಿ ಸಹಿ ಮಾಡಿದರೆ ಆ ಶುಕ್ರವಾರವೇ ಹಣ. ಕೋಲ್ಮನ್ ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದ. ಮಕ್ಕಳಿರುವ ಮನೆ ಹೇಗಿರುತ್ತದೆ ಎಂದು ದಿನವೂ ಮುನ್ನೂರು ಮಕ್ಕಳ ಕೆಸರು ಒರೆಸುವವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಷ್ಟವಿದ್ದದ್ದು ಅಮ್ಮನ ವಿಷಯದಲ್ಲಿ. ಎರಡು ಕೋಣೆಯಲ್ಲಿ ಮೂರು ಹಾಸಿಗೆ ಹಾಸಬೇಕು, ಹಗ್ಗದ ಮೇಲೆ ಶಾಲೆ ಬಟ್ಟೆ ಒಣಗಬೇಕು. ಏಕೆ ಎಂದು ಅವಳು ಕೇಳದೆ ಇರುತ್ತಾಳೆಯೇ? ಒಂದು ರಾತ್ರಿಯಿಡೀ ಹೊರಳಾಡಿ ಅವನು ಅತ್ಯಂತ ಸರಳವಾದ ಸುಳ್ಳನ್ನು ಆರಿಸಿದ. ಮರುದಿನ ಅಡುಗೆಮನೆಯಲ್ಲಿ ನಿಂತು, ಫರ್ಗಲ್ ಮಕ್ಕಳನ್ನು ಕಳಿಸುತ್ತಾನಂತೆ ಎಂದ. ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಡೆಲಿಯಾಳ ಕೈ ನಿಂತಿತು.

"ನಿಜವಾಗ್ಲೂ ಏನೋ?"

"ಹೂಂ. ಒಂದು ವರ್ಷ ಇಲ್ಲೇ ಓದ್ತಾರಂತೆ. ಆದ್ರೆ ಯಾರಿಗೂ ಹೇಳ್ಬೇಡ ಅಮ್ಮ. ಎಲ್ಲ ಗಟ್ಟಿ ಆಗೋವರೆಗೂ ಸುದ್ದಿ ಹೊರಗೆ ಹೋಗೋದು ಫರ್ಗಲ್‌ಗೆ ಇಷ್ಟ ಇಲ್ಲ. ಅವನ ಹತ್ರ ಫೋನಲ್ಲೂ ಎತ್ಬೇಡ, ಅವನೇ ಹೇಳ್ಲಿ."

"ನಾನ್ಯಾಕೆ ಎತ್ಲಿ. ಹೋಗುವಾಗ ನಾನಾಡಿದ ಮಾತಿಗೆ ಅವನಿನ್ನೂ ಮುನಿಸಿಕೊಂಡೇ ಇದಾನೆ ಅಂದ್ಕೊಂಡಿದ್ದೆ." ಹಿಟ್ಟಿನ ಕೈಯಲ್ಲೇ ಅವಳು ಕಣ್ಣೊರೆಸಿಕೊಂಡಳು. "ಎದುರು ಮನೆ ನೋನಿಗಂತೂ ಉಸಿರೆತ್ತಲ್ಲ ಬಿಡು. ಅವಳಿಗೆ ಹೇಳೋದೂ ಒಂದೇ, ಊರಿಗೆ ಡಂಗುರ ಸಾರ್ಸೋದೂ ಒಂದೇ."

ಕೋಲ್ಮನ್ ಅವಳ ಮುಖ ನೋಡದೆ ಚಹಾಕ್ಕೆ ನೀರಿಟ್ಟ. ಆದರೆ ಯೋಜನೆ ಮಾತ್ರ ಗಾಲಿಗೆ ಎಣ್ಣೆ ಹಾಕಿದ ಹಾಗೆ ಓಡಿತು. ಅವನು ಹೇಳಬೇಕೆಂದಿದ್ದ ಕೆಲಸವನ್ನೆಲ್ಲ ಅವಳು ತಾನಾಗಿಯೇ ಮಾಡಿದಳು. ಹಾಸಿಗೆಗಳನ್ನು ಬಿಸಿಲಿಗೆ ಹಾಕಿದಳು, ಬಿಸಿಲಿಲ್ಲದ ದಿನ ಒಲೆಯ ಮುಂದೆ ಹಾಕಿದಳು. ಈಫಾಗೆಂದು ಟೋಪಿ ಹೆಣೆಯಲು ಕೂತಳು. ಟೀರ್ನನ್ ಈಗಲೂ ಕ್ಯಾರೆಟ್ ಬಿಟ್ಟು ಪಕ್ಕಕ್ಕಿಡುತ್ತಾನೋ ಏನೋ ಎಂದು ಚಿಂತೆ ಮಾಡಿದಳು. ಮೊಣಕಾಲು ನೋವಿನ ಮಾತೇ ಅವಳ ಬಾಯಿಂದ ಬರಲಿಲ್ಲ. ಅವನು ಬಂದಾಗಲೆಲ್ಲ ಒಂದೇ ಪ್ರಶ್ನೆ.

"ಯಾವ ದಿನ ಅಂತಾದ್ರೂ ಹೇಳೋ. ಕೋಳಿ ತರಿಸ್ಬೇಕು."

ಬಾಯಿ ಮುಚ್ಚಿಸಿದರೆ ಸಾಕೆಂದು ಅವನು, ಇಪ್ಪತ್ತನೇ ತಾರೀಖು, ಶನಿವಾರ ಎಂದುಬಿಟ್ಟ. ಶುಕ್ರವಾರ ಹಣ ಕೈಗೆ ಬಂದಿರುತ್ತದೆ. ಆಮೇಲೆ ಫರ್ಗಲ್‌ಗೆ ರಜೆ ಸಿಗಲಿಲ್ಲ, ಟಿಕೆಟ್ ರದ್ದಾಯಿತು ಎಂದು ಹೇಳಿದರಾಯಿತು. ಎರಡು ದಿನ ಅಳುತ್ತಾಳೆ, ಮೂರನೇ ದಿನ ಸರಿಹೋಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೆ ಎರಡು ಸಿಗರೇಟು ಸೇದಿದ, ಬಿಟ್ಟು ಆರು ವರ್ಷವಾಗಿತ್ತು.

ಸ್ವೆಟರುಗಳು ಶಾಲೆಯ ಪೆಟ್ಟಿಗೆಯಲ್ಲೇ ಸಿಕ್ಕವು. ಮಕ್ಕಳು ಮರೆತುಹೋದ, ಯಾರೂ ಕೇಳಿಕೊಂಡು ಬಾರದ ಬಟ್ಟೆಗಳು ಪ್ರತಿ ಜೂನಿನಲ್ಲೂ ಒಂದು ರಾಶಿ ಉಳಿಯುತ್ತಿದ್ದವು. ಮೂರು ಅಳತೆಯವನ್ನು ಆರಿಸಿದ. ಕಾಲರಿನ ಒಳಗೆ ತಾಯಂದಿರು ಹೊಲಿದ ಹೆಸರಿನ ಪಟ್ಟಿಗಳಿದ್ದವು. ಮೂರ್ಖರು ಇಂಥ ಕಡೆಯೇ ಮುಗ್ಗರಿಸುವುದು. ಬ್ಲೇಡಿನಿಂದ ಒಂದೊಂದೇ ಎಳೆ ಬಿಡಿಸಿ ತೆಗೆದ, ಹೊಲಿಗೆಯ ತೂತುಗಳು ಕಾಣದಂತೆ ಬಿಸಿನೀರಿನಲ್ಲಿ ಒಗೆದ. ಮೊಮ್ಮಕ್ಕಳ ಬಟ್ಟೆ ಬಂತೆಂದು ಅಮ್ಮ ಅವನ್ನು ಮತ್ತೊಮ್ಮೆ ಒಗೆದಳು.

ಅಮ್ಮನನ್ನು ಆ ಬೆಳಿಗ್ಗೆ ಮನೆಯಿಂದ ದೂರವಿಡುವುದು ಹೇಗೆ ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಹತ್ತು ಗಂಟೆಯ ಪೂಜೆಯನ್ನು ಡೆಲಿಯಾ ತಪ್ಪಿಸಿದವಳಲ್ಲ. ಒಂಬತ್ತೂ ಮುಕ್ಕಾಲಿಗೆ ನೋನಿ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಇಬ್ಬರೂ ಊರಿನವರ ರೋಗ ರುಜಿನ ಎಲ್ಲ ಮಾತಾಡಿ ಮನೆ ಸೇರುವಾಗ ಹತ್ತೂ ಮುಕ್ಕಾಲು ದಾಟಿರುತ್ತದೆ. ಕೋಲ್ಮನ್ ಇಲಾಖೆಗೆ ಫೋನ್ ಮಾಡಿ ಹತ್ತೂ ಹತ್ತಕ್ಕೆ ಬರಲು ಹೇಳಿದ. ಇದರಲ್ಲೂ ಒಂದು ಅಪಾಯ ಅವನಿಗೆ ಹೊಳೆಯಿತು. ಎಂದಾದರೊಂದು ದಿನ ಪಾದ್ರಿಗೆ ಅವಸರವಿದ್ದು ಪೂಜೆ ಬೇಗ ಮುಗಿದರೆ? ಅದಕ್ಕೂ ದಾರಿ ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು. ಆ ಊರಿನ ಮುದುಕರೆಲ್ಲರ ಅಡುಗೆಮನೆಯಲ್ಲೂ ಇರುವ ಬಿಳಿ ಡಬ್ಬಿಯಂಥ ಚರ್ಚಿನ ರೇಡಿಯೋ. ಅದರಲ್ಲಿ ಬೇರೇನೂ ಬರುವುದಿಲ್ಲ, ಚರ್ಚಿನ ಮೈಕಿನಲ್ಲಿ ಆಡಿದ್ದು ಮಾತ್ರ ಬರುತ್ತದೆ. ಚಳಿಗಾಲದಲ್ಲಿ ಹೊರಗೆ ಹೋಗಲಾಗದ ದಿನ ಅಮ್ಮ ಇದರ ಮುಂದೆಯೇ ಮೊಣಕಾಲೂರುತ್ತಿದ್ದಳು. ಅದನ್ನು ಹಾಕಿಟ್ಟರೆ ಸಾಕು. ಫಾದರ್ ಕ್ವಿಲ್ಟಿಯ ದನಿ ಬರುತ್ತಿರುವವರೆಗೆ ಅಮ್ಮ ಬೆಂಚು ಬಿಟ್ಟು ಏಳುವುದಿಲ್ಲ. ಗಡಿಯಾರವಾದರೂ ತಪ್ಪೀತು, ಇದು ತಪ್ಪುವುದಿಲ್ಲ. ಇದನ್ನು ಯೋಚಿಸಿದ ದಿನ ಕೋಲ್ಮನ್ ಒಬ್ಬನೇ ನಕ್ಕಿದ್ದ.

ಹಿಂದಿನ ವಾರ ಅಮ್ಮ ಅವನ ಕೈಗೆ ಅಂಟಿಸಿದ ಲಕೋಟೆಯೊಂದನ್ನು ಕೊಟ್ಟು, ಫಾದರಿಗೆ ತಲುಪಿಸು ಎಂದಳು. ಪ್ರತಿ ಆಗಸ್ಟಿನಲ್ಲೂ ತೀರಿಕೊಂಡ ಅಪ್ಪನ ವರ್ಷದ ಪೂಜೆಗೆ ಕಾಣಿಕೆ ಹೋಗುತ್ತದೆ, ಪ್ರತಿ ಆಗಸ್ಟಿನಲ್ಲೂ ತಲುಪಿಸುವವನು ಅವನೇ. ಈ ಸಲ ಲಕೋಟೆ ಸ್ವಲ್ಪ ದಪ್ಪಗಿತ್ತು. ಅವನು ಜೇಬಿಗಿಟ್ಟುಕೊಂಡು, ಚರ್ಚಿನ ಒಳಕೋಣೆಯ ಬಾಗಿಲ ಸಂದಿಯಿಂದ ತಳ್ಳಿ, ಹಾಲು ತರಲು ಹೋದ.

ಬುಧವಾರ ಬಂತು. ನೋನಿಯ ಕಾರು ತಿರುವು ದಾಟಿದ್ದೇ ತಡ, ಅವನು ಹಿಂಬಾಗಿಲಿಂದ ಒಳಗೆ ಬಂದ. ಸ್ನಾನದ ಮನೆಯಲ್ಲಿ ಮೂರು ಟೂತ್‌ಬ್ರಷ್ ಇಟ್ಟು, ಮೂರನ್ನೂ ಒದ್ದೆ ಮಾಡಿದ. ಬಾಗಿಲ ಬಳಿ ಕೆಸರು ಮೆತ್ತಿದ ಬೂಟುಗಳನ್ನು ಇಟ್ಟ. ಮಕ್ಕಳು ಬೂಟನ್ನು ಜೋಡಿಸಿ ಇಡುವುದಿಲ್ಲ ಎಂದು ಒಂದನ್ನು ಮಗುಚಿ ಹಾಕಿದ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಮೊಮ್ಮಕ್ಕಳ ಎತ್ತರವನ್ನು ಅಮ್ಮ ಹೆಸರು ಸಮೇತ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ನಾಲ್ಕು ವರ್ಷದ ಹಿಂದೆ ಅದು ನಿಂತುಹೋಗಿತ್ತು. ಕೋಲ್ಮನ್ ಅದನ್ನು ಮುಂದುವರಿಸಿದ. ರೋಷೀನ್ ಯಾವ ವಯಸ್ಸಿನಲ್ಲಿ ಎಷ್ಟು ಬೆಳೆದಳೆಂದು ನೆನಪು ಮಾಡಿಕೊಂಡು, ಬೇರೆ ಬೇರೆ ಪೆನ್ಸಿಲಿನಲ್ಲಿ, ವರ್ಷಕ್ಕೊಂದು ಗೆರೆ ಎಳೆದ. ಈಫಾಳ ಕೊನೆಯ ಗೆರೆ ಎಳೆಯುವಾಗ, ಆ ಮಗು ಈಗ ನಿಜವಾಗಿ ಎಷ್ಟೆತ್ತರ ಇರಬಹುದು ಎಂಬ ಯೋಚನೆ ಬಂದು ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅಳಿಸಲು ರಬ್ಬರು ಅವನ ಜೇಬಿನಲ್ಲಿತ್ತು.

ಗೇಟಿನ ಬಳಿ ಕಾರು ನಿಂತ ಸದ್ದು ಕೇಳಿ ರೇಡಿಯೋ ಹಾಕಿದ. ಯಾರೋ ಕೆಮ್ಮಿದರು, ಫಾದರ್ ಕ್ವಿಲ್ಟಿ ಸುವಾರ್ತೆ ಓದುತ್ತಿದ್ದರು. ಎಲ್ಲ ಸರಿಯಾಗಿತ್ತು.

ಹೆಶನ್ ಅರವತ್ತರ ಹತ್ತಿರದ, ಸುಸ್ತಾದ ಮುಖದ ಮನುಷ್ಯ. ಒಳಗೆ ಬರುತ್ತಲೇ ರೇಡಿಯೋದ ದನಿ ಗುರುತಿಸಿ ಟೋಪಿ ತೆಗೆದರು, ಮಾತನ್ನೂ ತಗ್ಗಿಸಿದರು. ಅಮ್ಮ ಹತ್ತು ಗಂಟೆಯ ಪೂಜೆಗೆ ಹೋಗಿದ್ದಾಳೆ, ಅವಳ ಪರವಾಗಿ ಮಾತಾಡಲು ಅವಳೇ ಸಹಿ ಹಾಕಿದ ಪತ್ರ ಇಲ್ಲಿದೆ, ಮಕ್ಕಳು ಆಟದ ಶಿಬಿರಕ್ಕೆ ಹೋಗಿದ್ದಾರೆ, ಬೇಕಾದರೆ ಕಾಯಬಹುದು ಎಂದು ಕೋಲ್ಮನ್ ಹೇಳಿದ. ಕಾಯಬಹುದು ಎಂದದ್ದು ಬೇಕೆಂದೇ. ಹನ್ನೊಂದಕ್ಕೆ ಅವರಿಗೆ ಇನ್ನೊಂದು ಊರಿನಲ್ಲಿ ಕೆಲಸವಿದೆಯೆಂದು ಫೋನಿನಲ್ಲೇ ತಿಳಿದುಕೊಂಡಿದ್ದ. ಬೇಡ ಬೇಡ, ವಯಸ್ಸಾದವರನ್ನು ಪೂಜೆಯಿಂದ ಓಡಿಬರುವಂತೆ ಮಾಡಬಾರದು ಎಂದರು ಹೆಶನ್.

ಅವರು ಹಾಸಿಗೆಗಳನ್ನು ನೋಡಿದರು. ಸ್ನಾನದ ಮನೆಗೆ ಇಣುಕಿದರು. ಮಗುಚಿ ಬಿದ್ದ ಬೂಟನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಕಿಟಕಿಯಾಚೆ ಹಗ್ಗದ ಮೇಲೆ ಮೂರು ಸ್ವೆಟರುಗಳು ದೊಡ್ಡದು, ನಡುವಿನದು, ಚಿಕ್ಕದು ಎಂದು ಸಾಲಾಗಿ ಗಾಳಿಗೆ ಅಲ್ಲಾಡುತ್ತಿದ್ದವು. ಬಾಗಿಲ ಚೌಕಟ್ಟಿನ ಮುಂದೆ ಕನ್ನಡಕ ಏರಿಸಿಕೊಂಡು ನಿಂತವರು ಅಲ್ಲೇ ತುಸು ಹೊತ್ತು ನಿಂತರು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುವ ಜಾತಿ ಕೋಲ್ಮನ್‌ನದಲ್ಲ. ಆದರೂ ಅವನ ಕೈ ಜೇಬಿನ ರಬ್ಬರನ್ನು ಹಿಸುಕುತ್ತಿತ್ತು.

"ಈಫಾ ಒಂದೇ ವರ್ಷದಲ್ಲಿ ಎಷ್ಟು ಬೆಳೆದುಬಿಟ್ಟಿದಾಳೆ ನೋಡಿ," ಎಂದರು ಹೆಶನ್. "ಪಾಪ, ಅಜ್ಜಿಗೆ ಬಟ್ಟೆ ಹೊಂದಿಸೋದೇ ಕಷ್ಟ."

"ಏನ್ಮಾಡೋದು ಸಾರ್. ಬೆಳೆಯೋ ಮಕ್ಕಳು."

ಮೇಜಿನ ಮುಂದೆ ಕೂತು ಹೆಶನ್ ಕಾಗದ ಬಿಡಿಸಿದರು. ಕೋಲ್ಮನ್ ಚಹಾ ಬಗ್ಗಿಸಿದ, ಅಮ್ಮ ಮಾಡಿಟ್ಟ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಮುಂದಿಟ್ಟ. ಇಂಥ ಮನೆಗಳನ್ನು ನೋಡಿದರೆ ತಮ್ಮ ಕೆಲಸದ ಬಗ್ಗೆ ಸಮಾಧಾನವಾಗುತ್ತದೆ, ಎಷ್ಟೋ ಕಡೆ ಬರೀ ಸುಳ್ಳು ಕೇಳಿ ಸಾಕಾಗಿದೆ ಎಂದರು ಹೆಶನ್. ಕೋಲ್ಮನ್ ತಲೆಯಾಡಿಸಿ, ಜನ ಹೀಗಾದರೆ ನಿಜವಾಗಿ ಕಷ್ಟದಲ್ಲಿರುವವರ ಗತಿ ಏನು ಎಂದು ನೊಂದುಕೊಂಡ. ಹೇಳುವಾಗ ಅವನಿಗೆ ಕ್ಯೂಸಾಕ್‌ನ ನೆನಪಾಗಿ ದನಿಯಲ್ಲಿ ನಿಜವಾದ ಕೋಪವೇ ಬಂತು. ಅವನ ಕಣ್ಣ ಮುಂದೆ ಅಂಗಡಿಯ ಕನ್ನಡಿಯೆದುರು ಹೊಸ ಕೋಟು ತೊಟ್ಟು ನಿಂತ ರೋಷೀನ್ ಇದ್ದಳು. ಹೆಶನ್ ಪೆನ್ನಿನ ಮುಚ್ಚಳ ತೆಗೆದರು.

ರೇಡಿಯೋದಲ್ಲಿ ಫಾದರ್ ಕ್ವಿಲ್ಟಿ ಜನರ ಕೋರಿಕೆಗಳಿಗೆ ಬಂದಿದ್ದರು. ಒಳ್ಳೆಯ ಕ್ರೈಸ್ತನ ಹಾಗೆ ಹೆಶನ್ ಪೆನ್ನನ್ನು ಕಾಗದದ ಮೇಲೆ ಹಾಗೇ ಹಿಡಿದು ತಲೆ ಬಗ್ಗಿಸಿದರು. ಆಸ್ಪತ್ರೆಯಲ್ಲಿರುವವರಿಗಾಗಿ ಪ್ರಾರ್ಥನೆಯಾಯಿತು. ತೀರಿಕೊಂಡ ಥಾಮಸ್ ಗ್ಯಾಫ್ನಿಯ ವರ್ಷದ ಪ್ರಾರ್ಥನೆಯಾಯಿತು; ಅಪ್ಪನ ಹೆಸರಿಗೆ ಕೋಲ್ಮನ್ ಕೂಡ ಶಿಲುಬೆ ಗುರುತು ಹಾಕಿಕೊಂಡ. "ಅವರ ಪತ್ನಿ ಡೆಲಿಯಾ ಇನ್ನೊಂದು ಕೋರಿಕೆ ಬರೆದು ಕಳಿಸಿದ್ದಾರೆ," ಎಂದರು ಫಾದರ್, ಕಾಗದ ಬಿಡಿಸಿದ ಸದ್ದು ಮೈಕಿನಲ್ಲಿ ಗರಗರ ಕೇಳಿಸಿತು. "ಕೆನಡಾದಲ್ಲಿರುವ ಅವರ ಮೊಮ್ಮಕ್ಕಳು ಟೀರ್ನನ್, ಡಾರಾ, ಈಫಾ ಇದೇ ಶನಿವಾರ ಮನೆಗೆ ಬರುತ್ತಿದ್ದಾರೆ. ನಾಲ್ಕು ವರ್ಷದಿಂದ ಅಜ್ಜಿ ಅವರ ಮುಖ ನೋಡಿಲ್ಲ. ಅವರ ವಿಮಾನ ಕ್ಷೇಮವಾಗಿ ಇಳಿಯಲಿ ಎಂದು ಪ್ರಾರ್ಥಿಸೋಣ." ಹೆಶನ್ ತಲೆ ಎತ್ತಿದರು. ಅವರ ಕಣ್ಣು ಬಾಗಿಲ ಚೌಕಟ್ಟಿನ ಗೆರೆಗಳಿಗೆ ಹೋಯಿತು, ಅಲ್ಲಿಂದ ಕಿಟಕಿಯಾಚೆಯ ಹಗ್ಗಕ್ಕೆ, ಅಲ್ಲಿಂದ ಕೋಲ್ಮನ್‌ನ ಮುಖಕ್ಕೆ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು. ಯಾರಿಗೂ ಹೇಳಬೇಡ ಎಂದು ಅಮ್ಮನಿಗೆ ಹೇಳಿದ್ದು ಅವನೇ, ಲಕೋಟೆ ತಲುಪಿಸಿದ್ದೂ ಅವನೇ, ರೇಡಿಯೋ ಹಾಕಿದ್ದೂ ಅವನೇ. ಅಮ್ಮ ಕೊಟ್ಟ ಮಾತು ಉಳಿಸಿಕೊಂಡಿದ್ದಳು; ನೋನಿಗೆ ಹೇಳಿರಲಿಲ್ಲ, ದೇವರಿಗೆ ಮಾತ್ರ ಹೇಳಿದ್ದಳು. "ಸ್ವಾಮೀ, ನಮ್ಮ ಪ್ರಾರ್ಥನೆಯನ್ನು ಆಲಿಸು," ಎಂದಿತು ರೇಡಿಯೋದೊಳಗಿನ ಚರ್ಚು. ಎಲ್ಲರಿಗಿಂತ ಅರ್ಧ ಮಾತು ಮುಂದಾಗಿ, ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಅಮ್ಮನ ದನಿ.